ಅರವತ್ತೊಂದು ಬೀಗ

ಟಣ್!

"ಇನ್ನೊಂದ್ಸಲ ಟಣ್ ಅಂದ್ರೆ ಈ ಡಬ್ಬಿ ಎತ್ತಿ ಬಸ್‌ಸ್ಟ್ಯಾಂಡಿನ ನಡುಮಧ್ಯ ಒಗೀತೆ ನೋಡು," ಅಂದ್ಲು ದೇವಿ.

ಟಣ್!

ಒಗೀಲಿಲ್ಲ. ಒಗೆದಿದ್ರೆ ನಮ್ಮ ಕತೆ ಅಲ್ಲಿಗೇ ಮುಗೀತಿತ್ತು. ಮೇಜಿನ ಮೇಲೆ ಒಂದು ಗುದ್ದು ಗುದ್ದಿದ್ಲು, ಅಷ್ಟೇ. ಆ ಗುದ್ದಿಗೆ ಸ್ಟೇಪ್ಲರ್ ಹಾರಿ ನೆಲಕ್ಕೆ ಬಿತ್ತು. ಮೂಲೆಯಲ್ಲಿದ್ದ ಝೆರಾಕ್ಸ್ ಮಷಿನ್ನು ಹೆದರಿ ತಾನಾಗೇ ಒಂದು ಖಾಲಿ ಹಾಳೆ ಹೊರಗೆ ಹಾಕ್ತು.

ಸಿದ್ದಾಪುರದ ದೇವಿ ಅಂದ್ರೆ ಸಾಮಾನ್ಯದವಳಲ್ಲ. ಮೂವತ್ತೊಂದು ವರ್ಷ ಪೊಲೀಸಲ್ಲಿ ದುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರಾದವಳು. ಶಿರಸಿಯಲ್ಲಿ ಇವಳು ಸೀನಿದ್ರೆ ಯಲ್ಲಾಪುರದ ಕಳ್ಳರು ತಾವೇ ಬಂದು ಲಾಕಪ್ಪಿನಲ್ಲಿ ಕೂತ್ಕೋತಿದ್ರಂತೆ. ಸುಳ್ಳಿರಬಹುದು. ಒಬ್ಬ ಕೂತಿದ್ದಂತೂ ಖರೆ.

ನಿನ್ನೆ ಮಧ್ಯಾಹ್ನ ಯಲ್ಲಾಪುರದ ತಸ್ಲೀಮ್‌ಳ ಟೈಪಿಂಗ್ ಅಂಗಡಿಯಲ್ಲಿ, ನೂರಾ ನಲವತ್ಮೂರು ಮನೆಯವರ ಹೇಳಿಕೆ ತುಂಬಿಟ್ಟ ಕಂಪ್ಯೂಟರಿಗೆ ಯಾರೋ ಕೈ ಹಾಕಿ ಅರವತ್ತೊಂದಕ್ಕೆ ಬೀಗ ಜಡಿದಿದ್ರು. ತಸ್ಲೀಮ್ ಫೋನಿನಲ್ಲಿ ಅತ್ತ ಅಳುವಿಗೆ ದೇವಿ ಬೆಳಗಿನ ಮೊದಲ ಬಸ್ಸು ಹತ್ತಿ ಬಂದಿದ್ಲು.

ಹೇಳಿಕೆ ಅಂದ್ರೆ ಮುದುಕರ ಬಾಯಿಮಾತು. "ಈ ಕಾಡಂಚಿನ ನೆಲದಲ್ಲಿ ಇವರ ಅಜ್ಜ ಗೇಯ್ದಿದ್ದು ನಾ ಕಣ್ಣಾರೆ ನೋಡಿದ್ದೆ" ಅಂತ ಹಿರಿಯರು ಹೇಳಿದ್ದನ್ನ ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ರು. ನಾಳೆ ಹನ್ನೊಂದು ಗಂಟೆಗೆ ಶಿರಸಿಯಲ್ಲಿ ಈ ನೆಲದ ಹಕ್ಕಿನ ಅರ್ಜಿಗಳ ವಿಚಾರಣೆ. ಅಲ್ಲಿ ಆ ದನಿ ಕೇಳಿಸದಿದ್ರೆ ಅರ್ಜಿ ಬಿತ್ತು. ಅರ್ಜಿ ಬಿದ್ರೆ ಕಾಲಡಿಯ ನೆಲ ಹೋಯ್ತು.

"ಮತ್ತೊಂದ್ಸಲ ಹೇಳಿಸ್ಕೊಂಡ್ರೆ ಆಗೂದಿಲ್ವಾ?" ಅಂತ ದೇವಿ ಬಂದ ಕೂಡ್ಲೇ ಕೇಳಿದ್ಲು.

"ಸತ್ತೋರ ಹತ್ರ ಹೆಂಗೆ ಹೇಳಿಸೋದು ದೇವಕ್ಕ?" ಅಂದಿದ್ಲು ತಸ್ಲೀಮ್.

ಉತ್ತರ ಇಲ್ದೇ ಹೋದ್ರೆ ದೇವಿಗೆ ಸಿಟ್ಟು ಬರ್ತದೆ. ಉತ್ತರ ಇದ್ರೂ ಬರ್ತದೆ, ಅದು ಬೇರೆ ಮಾತು.

ಅಂಗಡಿ ಹೊರಗೆ ಕಿರವತ್ತಿ ಕಡೆಯಿಂದ ಎರಡು ಟೆಂಪೋ ತುಂಬ ಜನ ಬಂದು ನಿಂತಿದ್ರು. ಅವರ ಕೂಗಿಗೆ ಎದುರಿನ ಹೋಟೆಲಿನ ಸಾಂಬಾರು ಒಲೆ ಇಲ್ದೇ ಕುದೀತಿತ್ತು.

"ನಮ್ಮ ಹೇಳಿಕೆ ಎಲ್ಲೈತ್ರೀ?"

"ಆಕೀನ ಅದನ್ನ ಮಾರ್ಕೊಂಡಾಳ್ರೀ! ಹೊರಗ ಕರೀರಿ ಆಕಿನ್ನ!"

ತಸ್ಲೀಮ್ ದುಪಟ್ಟಾದ ತುದಿ ಬಾಯಿಗೆ ಒತ್ತಿ ಹಿಡಿದಿದ್ಲು. ಹದಿನಾಲ್ಕು ವರ್ಷದಿಂದ ಇದೇ ಜನರ ಅರ್ಜಿ ಟೈಪ್ ಮಾಡಿದವಳು. ಅರ್ಧ ಊರಿನ ಮದುವೆ ಕಾರ್ಡು ಮಾಡಿದವಳು. ನಿನ್ನೆ ಸಂಜೆಯಿಂದ ಅವಳು ಕಳ್ಳಿ.

"ಅಳಬೇಡ. ಅಳೋರನ್ನ ಕಂಡ್ರೆ ನಂಗೆ ಇನ್ನೂ ಸಿಟ್ಟು," ಅಂದ್ಲು ದೇವಿ. "ಬೀಗ ಹಾಕಿದವ ದುಡ್ಡು ಕೇಳಿದ್ನಾ?"

"ಇಲ್ಲ. ಏನೂ ಕೇಳಲಿಲ್ಲ. ಹೇಳಿಕೆ ತೆಗೆಯೋಕೆ ಹೋದ್ರೆ ಪಾಸ್‌ವರ್ಡ್ ಹಾಕಿ ಅಂತದೆ. ಬೇರೆ ಒಂದಕ್ಷರ ಇಲ್ಲ."

ದೇವಿ ಹುಬ್ಬು ಗಂಟು ಹಾಕಿದ್ಲು. ಇಂಥ ಕಳ್ಳರ ಸುದ್ದಿ ಅವಳೂ ಪೇಪರಿನಲ್ಲಿ ಓದಿದ್ಲು. ಬೀಗ ಹಾಕ್ತಾರೆ, ಕೀಲಿಗೆ ದುಡ್ಡು ಕೇಳ್ತಾರೆ. ದುಡ್ಡೇ ಬೇಡ ಅನ್ನೋ ಕಳ್ಳನನ್ನ ಅವಳು ಮೂವತ್ತೊಂದು ವರ್ಷದಲ್ಲಿ ಒಬ್ಬನನ್ನೂ ಕಂಡಿರಲಿಲ್ಲ.

ಟಣ್!

"ಅಯ್ಯೋ, ಅದೆಂತ ಪೀಡೆ ಹೇಳು ಮೊದ್ಲು!"

"ಎಚ್ಚರಿಕೆ ದೇವಕ್ಕ. ಗುರುತಿಲ್ಲದ ಪ್ರೋಗ್ರಾಂ ಈ ಫೋಲ್ಡರಿಗೆ ಕೈ ಹಾಕೋಕೆ ಬಂದಿತ್ತು, ತಡೆದಿದೀವಿ ಅಂತದೆ. ಕಳ್ಳರು ಬೀಗ ಹಾಕಬಾರದು ಅಂತ ಇರೋ ಕಾವಲು. ನಮ್ಮ ಕನ್ನಡ ಟೈಪಿಂಗ್ ಪ್ರೋಗ್ರಾಂ ಹಳೇದು. ಗಳಿಗೆಗೊಂದ್ಸಲ ತನ್ನಷ್ಟಕ್ಕೆ ಒಂದು ಪ್ರತಿ ಇಡೋಕೆ ಹೋಗ್ತದೆ. ಅದನ್ನೇ ಕಳ್ಳ ಅಂತ ತಿಳ್ಕೊಂಡು ಇದು ಬೊಗಳ್ತದೆ. ದಿನಕ್ಕೆ ನಲವತ್ತು ಸಲ."

"ಎಲ್ಲಿ ಬರ್ತದೆ ಅದು? ನಂಗೆ ಸದ್ದು ಮಾತ್ರ ಕೇಳ್ತದೆ, ಅಕ್ಷರ ಕಾಣೂದಿಲ್ಲ."

ತಸ್ಲೀಮ್‌ಳ ಕಣ್ಣು ಸ್ಕ್ರೀನಿನ ಬಲಗಡೆ ಕೆಳಗಿನ ಮೂಲೆಗೆ ಹೋಯ್ತು. ಅಲ್ಲಿ ಅಂಗೈ ಅಗಲದ ಗುಲಾಬಿ ಬಣ್ಣದ ಮದುವೆ ಕಾರ್ಡಿನ ಚೂರೊಂದನ್ನ ಟೇಪು ಹಚ್ಚಿ ಅಂಟಿಸಿತ್ತು. 'ಸುಖಾಗಮನ ಬಯಸುವವರು' ಅಂತ ಬಂಗಾರದ ಅಕ್ಷರ.

ದೇವಿ ಟೇಪು ಎಳೆದು ಕಿತ್ಲು. ಅದರ ಅಡಿಗೆ ಎಚ್ಚರಿಕೆಯ ಪೆಟ್ಟಿಗೆ ಒಂದರ ಮೇಲೊಂದು ಕೂತಿತ್ತು.

"ನೀನೇ ಅಂಟಿಸಿದ್ದಾ?"

"ಕಣ್ಣಿಗೆ ಚುಚ್ಚತಿತ್ತು ದೇವಕ್ಕ. ಕೆಲಸ ಮಾಡೋಕೆ ಬಿಡ್ತಿರಲಿಲ್ಲ…"

"ನಾಯಿ ಬೊಗಳ್ತದೆ ಅಂತ ನಾಯಿ ಮೇಲೆ ಚಾದರ ಹೊದಿಸಿ ಮಲಗಿದ್ಯಲ್ಲೇ ಮಾರಾಯ್ತಿ! ಕಳ್ಳ ಬಂದಾಗ್ಲೂ ಅದು ಬೊಗಳಿರ್ತದೆ. ನೀ ಇಲ್ಲಿ ಸುಖಾಗಮನ ಬಯಸ್ತಾ ಕೂತಿದ್ದೆ!"

ಬೈದ್ಲು, ಆದ್ರೆ ಅಷ್ಟರಲ್ಲೇ ಅವಳ ತಲೆ ಓಡೂಕೆ ಹಿಡೀತು. ಬೊಗಳಿದ್ದು ಎಲ್ಲಾದ್ರೂ ಬರೆದಿರ್ತದಾ?

ಬರೆದಿತ್ತು. ಹದಿನೈದು ದಿನದ್ದೂ ಇತ್ತು. ತಸ್ಲೀಮ್ ಪ್ರಿಂಟ್ ತೆಗೆದ್ರೆ ಹತ್ತೊಂಬತ್ತು ಹಾಳೆ. ದೇವಿಗೆ ಕಂಪ್ಯೂಟರ್ ಗೊತ್ತಿಲ್ಲ, ಬೀಟ್ ಪುಸ್ತಕ ಗೊತ್ತು. ಯಾರು ಬಂದ, ಎಷ್ಟೊತ್ತಿಗೆ ಬಂದ, ಎಂತ ಮಾಡೂಕೆ ಹೋದ. ಇದೂ ಅದೇ. ಕೆಂಪು ಪೆನ್ಸಿಲ್ ತಗೊಂಡು ಟೈಪಿಂಗ್ ಪ್ರೋಗ್ರಾಂ ಹೆಸರಿದ್ದ ಸಾಲೆಲ್ಲ ಹೊಡೀತಾ ಹೋದ್ಲು. ಒಂದೂವರೆ ತಾಸು ಹೊಡೆದ್ಲು. ಮೂರು ಸಲ ಪೆನ್ಸಿಲ್ ಮುರೀತು, ಮೂವತ್ತು ಸಲ ಬೈದ್ಲು.

ಕಡೆಗೆ ಉಳಿದಿದ್ದು ಹನ್ನೆರಡು ಸಾಲು.

ಹನ್ನೆರಡಕ್ಕೂ ಒಂದೇ ಬೇರೆ ಹೆಸರು. ಹನ್ನೆರಡೂ ಮಧ್ಯಾಹ್ನ ಒಂದೂವರೆ ಮತ್ತೆ ಎರಡರ ನಡುವೆ. ಮೊದಲಿನ ಹನ್ನೊಂದ್ಸಲ ಕಾವಲು ತಡೆದಿತ್ತು. ಹನ್ನೆರಡನೇ ಸಲ, ನಿನ್ನೆ ಒಂದು ಐವತ್ತೆರಡಕ್ಕೆ, ಬಿಟ್ಟಿತ್ತು.

"ಒಂದೂವರೆಗೆ ನೀ ಎಲ್ಲಿರ್ತೆ?"

"ನಮಾಜಿಗೆ, ಊಟಕ್ಕೆ ಹಿಂದಿನ ಮನೆಗೆ ಹೋಗ್ತೀನಿ."

"ಅಂಗಡಿ?"

"ಬೆಂಚಿನ ಮೇಲೆ ಯಾರಾದ್ರೂ ಇರ್ತಾರಲ್ಲ. ಸ್ವಲ್ಪ ನೋಡ್ಕೊಳ್ರೀ, ಬಂದೆ ಅಂತ ಹೇಳಿ ಹೋಗ್ತೀನಿ."

"ಕಂಪ್ಯೂಟರ್ ಹಾಗೇ ಬಿಟ್ಟು? ನಿನ್ನೆ ಯಾರಿದ್ರು?"

"ಬೆಂಚು ತುಂಬ ಇದ್ರು. ಯಾರು ಅಂತ ತಿರುಗಿ ನೋಡಲಿಲ್ಲ."

ದೇವಿ ಎರಡೂ ಕೈಯಲ್ಲಿ ತಲೆ ಹಿಡ್ಕಂಡ್ಲು. ಈ ಊರೋರ ಚಾಳಿನೇ ಇದು. ಬಾಗಿಲಿಗೆ ಮೂರು ಬೀಗ ಹಾಕ್ತಾರೆ. ಹಾಡುಹಗಲು ಬೆಂಚಿನ ಮೇಲೆ ಕೂತ ದಾರಿಹೋಕನ ಕೈಗೆ ಇಡೀ ಅಂಗಡಿ ಕೊಟ್ಟು ಹೋಗ್ತಾರೆ. ಮತ್ತೆ ವಿಚಿತ್ರ ಅಂದ್ರೆ, ಇಷ್ಟು ವರ್ಷದಲ್ಲಿ ಒಂದು ಪೆನ್ನೂ ಕಳುವಾಗಿರಲಿಲ್ಲ.

"ಬೀಗ ಬಿದ್ದ ಅರವತ್ತೊಂದರ ಪಟ್ಟಿ ಕೊಡು."

"ಮೊದಲಿನ ಅರವತ್ತೊಂದೇ ಇರ್ಬೇಕು. ನಾನು ಬಂದವಳೇ ವೈರು ಕಿತ್ತೆ, ಅಲ್ಲಿಗೆ ನಿಂತಿತು…"

"ಇರ್ಬೇಕು ಗಿರ್ಬೇಕು ಬೇಡ. ಪಟ್ಟಿ ಕೊಡು."

ಪಟ್ಟಿ ಬಂತು. ಮೂರು, ಏಳು, ಎಂಟು, ಹದಿನಾಲ್ಕು… ಕಡೇದು ನೂರಾ ನಲವತ್ತೊಂದು. ಮೊದಲಿನ ಅರವತ್ತೊಂದು ಎಲ್ಲಿ? ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಯಾರೋ ಆರಿಸಿ ಆರಿಸಿ ಬೀಗ ಹಾಕಿದ್ರು.

ದೇವಿ ಬೆರಳು ಪ್ರತಿ ಹೆಸರಿನ ಮುಂದಿನ ಸಾಕ್ಷಿಯ ಹೆಸರಿನ ಮೇಲೆ ಇಳೀತಾ ಹೋಯ್ತು. ಬೈರ. ಬೈರ. ಬೈರ. ಅರವತ್ತೊಂದಕ್ಕೂ ಒಬ್ಬನೇ ಸಾಕ್ಷಿ.

"ಈ ಬೈರ ಯಾರು?"

"ಬೈರಜ್ಜ. ತೊಂಬತ್ತು ದಾಟಿತ್ತು. ಹೋದ ತಿಂಗಳು ತೀರ್ಕೊಂಡ. ಆ ಕಡೆ ಕಾಡು, ಮನೆ, ಗಡಿ ಎಲ್ಲ ಅವನ ಬಾಯಲ್ಲಿತ್ತು. ಹೊರಗೆ ಜನರನ್ನ ಸಮಾಧಾನ ಮಾಡ್ತಾ ಇದಾಳಲ್ಲ, ಅನುಶ್ರೀ, ಅಂಗನವಾಡಿ ಟೀಚರು, ಅವನ ಮೊಮ್ಮಗಳೇ. ಮನೆ ಮನೆಗೆ ತಿರುಗಿ ಈ ನೂರಾ ನಲವತ್ಮೂರು ಅರ್ಜಿ ಕೂಡಿಸಿದವಳೂ ಅವಳೇ."

ಹೊರಗಿಂದ ಅನುಶ್ರೀ ದನಿ ಕೇಳ್ತಿತ್ತು. ಸಣ್ಣ ದನಿ, ಆದ್ರೆ ಹರಿತ. "ನಿಮಗ ಕೈ ಮುಗೀತೀನ್ರಿ, ಸುಮ್ನಿರ್ರಿ ಸ್ವಲ್ಪ. ಒದರಿದ್ರ ಏನೂ ಬರಂಗಿಲ್ಲ." ಎರಡು ಟೆಂಪೋ ಜನ ಒಂದು ಗಳಿಗೆ ತಣ್ಣಗಾದ್ರು.

ಅಷ್ಟರಲ್ಲಿ ಶಿರಸಿಯಿಂದ ಪ್ರಮೋದನ ಬೈಕು ಬಂತು. ಮೂರು ತಾಲೂಕಿನ ಕಂಪ್ಯೂಟರ್ ರಿಪೇರಿ ಮಾಡುವವ. ಹೆಲ್ಮೆಟ್ ತೆಗೆದ, ಅಂಗಡಿಯ ಕನ್ನಡಿಯಲ್ಲಿ ಕೂದಲು ಸರಿ ಮಾಡ್ಕಂಡ.

"ನಮಸ್ಕಾರ ಮೇಡಂ. ಚಹಾ ಆಯ್ತಾ?"

"ಚಹಾ ಬೇಡ. ನಿನ್ನ ರಕ್ತ ಕುಡೀಬೇಕು ಅಂತ ಕಾಯ್ತಾ ಇದ್ದೆ. ಬಾ, ಕೂತ್ಕ."

ಪ್ರಮೋದ ನಗೂಕೆ ನೋಡಿದ. ದೇವಿ ಮುಖ ಕಂಡು ನಗು ಅರ್ಧಕ್ಕೇ ನುಂಗಿದ.

"ಈ ಟಣ್ ಟಣ್ ಹಾಕಿಕೊಟ್ಟವ ಯಾರು?"

"ನಾನೇ ಮೇಡಂ. ಒಳ್ಳೇದಕ್ಕೇ ಹಾಕಿದ್ದು."

"ಒಳ್ಳೇದೇ. ಕಾಟ ತಾಳೂಕೆ ಆಗೂದಿಲ್ಲ ಅಂತ ಇವಳು ನಿಂಗೆ ಎಷ್ಟು ಸಲ ಹೇಳಿದ್ಲು?"

"ಒಂದೆರಡು ಸಲ…"

"ಒಂಬತ್ತು ಸಲ!" ತಸ್ಲೀಮ್ ಮೊದಲ ಸಲ ದನಿ ಎತ್ತಿದ್ಲು. "ಅಲ್ಲಾ ಕಸಂ, ಒಂಬತ್ತು ಸಲ ಫೋನ್ ಮಾಡೀನಿ ಪ್ರಮೋದ್ ಭಾಯ್. ಅದು ಹಂಗೇ ಬರ್ತಿರ್ತದೆ, ನೋಡಬೇಡಿ ಅಂದ್ರಿ."

"ಟೈಪಿಂಗ್ ಪ್ರೋಗ್ರಾಂ ನಮ್ಮದೇ, ಒಳಗೆ ಬಿಡು ಅಂತ ಒಂದ್ಸಲ ಇದಕ್ಕೆ ಹೇಳಿಡೂಕೆ ಬರೂದಿಲ್ವಾ?" ದೇವಿ ಕೇಳಿದ್ಲು.

"ಬರ್ತದೆ."

"ಹಾಗೆ ಹೇಳಿಟ್ರೆ ಖರೆ ಕಳ್ಳ ಬಂದಾಗ ಮಾತ್ರ ಬೊಗಳ್ತದೆ?"

"ಹೌದು."

"ಎಷ್ಟೊತ್ತಿನ ಕೆಲಸ?"

ಪ್ರಮೋದ ಗಂಟಲು ಸರಿ ಮಾಡ್ಕಂಡ. "ಎರಡು ನಿಮಿಷ."

ದೇವಿ ಎದ್ದು ನಿಂತ್ಲು. ಅವಳು ಐದಡಿಯವಳು, ಆಗ ಮಾತ್ರ ಅಂಗಡಿಯ ಫ್ಯಾನು ಅವಳ ತಲೆಗೆ ತಾಗೂದೇ ಬಾಕಿ.

"ಎರಡು ನಿಮಿಷ! ನಿನ್ನ ಕೂದಲು ಬಾಚೂಕೆ ಅದಕ್ಕಿಂತ ಜಾಸ್ತಿ ಬೇಕು. ಆ ಎರಡು ನಿಮಿಷ ನೀ ಕೊಡಲಿಲ್ಲ, ಇವಳು ಕಾರ್ಡು ಅಂಟಿಸಿದ್ಲು, ಕಳ್ಳ ಹನ್ನೊಂದ್ಸಲ ಬಂದು ಹೋದ. ಈಗ ಹೇಳು, ನಿನ್ನೆ ಒಂದು ಐವತ್ತೆರಡಕ್ಕೆ ಅವನನ್ನ ಒಳಗೆ ಬಿಟ್ಟವರು ಯಾರು? ಬಿಡೂಕೆ ಪಾಸ್‌ವರ್ಡ್ ಬೇಕಂತೆ. ಅದು ಗೊತ್ತಿದ್ದಿದ್ದು ಇಬ್ಬರಿಗೆ. ಇವಳಿಗೆ, ನಿಂಗೆ."

"ನಾ ನಿನ್ನೆ ಶಿರಸಿಯಲ್ಲೇ ಇದ್ದೆ ಮೇಡಂ! ಬೇಕಾದ್ರೆ ಕೇಳಿ…"

"ಶಿರಸಿಯಲ್ಲಿ ಕೂತು ಇಲ್ಲಿಯ ಕಂಪ್ಯೂಟರ್ ರಿಪೇರಿ ಮಾಡ್ತೆ ಅಂತ ಬೋರ್ಡು ಹಾಕಿದ್ದೆಯಲ್ಲ. ನಾ ಬಸ್ಸಿನಿಂದಲೇ ಓದ್ದೆ. ಬಾಯಿ ಬಿಡ್ತೆಯಾ, ನಾ ಬಿಡಿಸಲಾ?"

ಪ್ರಮೋದ ಬೆವರಿದ. ಆ ಬೆವರಿಗೆ ಒಂದು ಗದ್ದೆ ನಾಟಿ ಮಾಡಬಹುದಿತ್ತು.

"ನಾನೇ ಬಿಟ್ಟಿದ್ದು," ಅಂದ. ದನಿ ಹೊಟ್ಟೆ ಒಳಗಿತ್ತು. "ಇಲ್ಲಿಂದ ಫೋನ್ ಬಂತು. ಈ ಅಂಗಡಿ ನಂಬರು. ಈಗ ಬಂದಿದ್ದನ್ನ ಒಳಗೆ ಬಿಡಿ ಅಂದ್ರು. ನಾ ಅಲ್ಲಿಂದಲೇ ಬಿಟ್ಟೆ."

"ನಾನು ಫೋನೇ ಮಾಡಿಲ್ಲ!" ತಸ್ಲೀಮ್ ಕೂಗಿದ್ಲು. "ಅಂಗಡಿ ಫೋನು ಇಲ್ಲೇ ಚಾರ್ಜಿಗೆ ಇಟ್ಟು ಹೋಗಿದ್ದೆ."

"ಒಳಗೆ ಬಿಡುವಾಗ ಅದರ ಹೆಸರು ಓದಿದ್ಯಾ?" ಅಂದ್ಲು ದೇವಿ.

"ಟೈಪಿಂಗ್ ಪ್ರೋಗ್ರಾಮೇ ಇರ್ತದೆ ಅಂದ್ಕಂಡೆ…"

"ಓದಿದ್ಯಾ?"

"ಇಲ್ಲ."

ದೇವಿ ಕೈ ಎತ್ತಿದ್ಲು. ಹೊಡೀಲಿಲ್ಲ. ಎತ್ತಿದ ಕೈಯಲ್ಲಿ ತನ್ನ ಹಣೆಗೇ ಒಂದು ಬಡ್ಕಂಡ್ಲು. "ಹೆಂಗಸಿನ ದನಿಯಾ, ಗಂಡಸಿನದಾ?"

"ಹೆಂಗಸಿನದು. ತಸ್ಲೀಮೇ ಅಂದ್ಕಂಡು ನಾ ಸರಿಯಾಗಿ ಕೇಳ್ಲೇ ಇಲ್ಲ. ನಂಗೆ ಬಂದ ಫೋನೆಲ್ಲ ರೆಕಾರ್ಡ್ ಆಗ್ತದೆ ಮೇಡಂ. ನೀವೇ ಕೇಳಿ."

ಫೋನು ಮೇಜಿನ ಮೇಲಿಟ್ಟ. ಮೂವರೂ ಬಗ್ಗಿದ್ರು. ಮೊದಲು ಟಣ್ ಅಂತ ಸದ್ದು. ಆಮೇಲೆ ಒಂದು ಹೆಂಗಸು.

"ಪ್ರಮೋದಣ್ಣಾರ, ಈ ಟಣ್ ಟಣ್ ಸಾಕಾಗೇತ್ರಿ. ಈಗ ಬಂದದ್ದನ್ನ ಒಳಗ ಬಿಟ್ಟಬಿಡ್ರಿ. ಲಗೂನ ಮಾಡ್ರಿ."

ಸಣ್ಣ ದನಿ, ಆದ್ರೆ ಹರಿತ.

ದೇವಿ ನಿಧಾನಕ್ಕೆ ತಲೆ ಎತ್ತಿ ಬಾಗಿಲ ಕಡೆ ನೋಡಿದ್ಲು. ಹೊರಗೆ ಅದೇ ದನಿ ಒಬ್ಬ ಮುದುಕನಿಗೆ ನೀರು ಕುಡೀರಿ ಅಂತ ಹೇಳ್ತಾ ಇತ್ತು.

"ಅನುಶ್ರೀ," ಅಂತ ಕರೆದ್ಲು. "ಒಳಗೆ ಬಾ ಸ್ವಲ್ಪ."

ಬಂದ್ಲು. ಮೂವತ್ತು ಮೂವತ್ತೆರಡರ ಹೆಂಗಸು, ಅಂಗನವಾಡಿ ಸೀರೆ, ಬಿಸಿಲಿಗೆ ಕೆಂಪಾದ ಮುಖ. ದೇವಿ ಆ ರೆಕಾರ್ಡನ್ನ ಇನ್ನೊಂದ್ಸಲ ಹಚ್ಚಿದ್ಲು. ತಪ್ಪು ಮಾಡಿದವರು ಇಂಥ ಹೊತ್ತಲ್ಲಿ ಮೂರು ನಮೂನೆ ಮಾಡ್ತಾರೆ: ಅಳ್ತಾರೆ, ಓಡ್ತಾರೆ, ಅಲ್ಲ ಅಂತಾರೆ. ಅನುಶ್ರೀ ಮೂರೂ ಮಾಡಲಿಲ್ಲ. ರೆಕಾರ್ಡು ಮುಗಿಯೋತನಕ ನಿಂತು ಕೇಳಿದ್ಲು.

"ನಾನ," ಅಂದ್ಲು. "ಹನ್ನೆರಡು ಸಲನೂ ನಾನ. ಪೆನ್‌ಡ್ರೈವ್‌ನ್ಯಾಗ ಬೀಗದ ಪ್ರೋಗ್ರಾಂ ತಂದಿದ್ದೆ. ಮೊದಲನೇ ಬೀಗ ನಮ್ಮ ಮನೀ ಅರ್ಜಿಗೇ ಹಾಕೀನಿ."

"ನಿಂಗೆ ಹುಚ್ಚಾ?" ದೇವಿಗೆ ನೆತ್ತಿಗೇರಿತು. "ಹೊರಗೆ ನಿಂತ ಜನ ನಿನ್ನ ನಂಬಿ ಬಂದೋರು! ನಿನ್ನೆಯಿಂದ ಇವಳನ್ನ ಕಳ್ಳಿ ಅಂತ ಬೈತಾ ಇದ್ದಾರೆ, ನೀ ಅವರಿಗೆ ನೀರು ಕೊಡ್ತಾ ನಿಂತಿದ್ದೆ! ನಾಳೆ ಹನ್ನೊಂದಕ್ಕೆ ನಿನ್ನ ಅಜ್ಜನ ಮಾತಿಲ್ದೇ ಅರವತ್ತೊಂದು ಮನೆ ಬೀದಿಗೆ ಬೀಳ್ತದೆ. ಕೀಲಿ ಕೊಡು. ಈಗ್ಲೇ!"

"ಕೊಡಂಗಿಲ್ಲ."

"ಏನಂದೆ?"

"ಅದು ನಮ್ಮ ಅಜ್ಜನ ಮಾತಲ್ಲ!"

ಈ ಸಲ ಆ ಸಣ್ಣ ದನಿ ಒಡೀತು. ಮೂವತ್ತೊಂದು ವರ್ಷದಲ್ಲಿ ದೇವಿ ತನ್ನಷ್ಟು ಸಿಟ್ಟು ಇನ್ನೊಬ್ಬರ ಮುಖದಲ್ಲಿ ನೋಡಿದ್ದು ಅದೇ ಮೊದಲು. ಒಂದು ಹೆಜ್ಜೆ ಹಿಂದೆ ಸರಿದ್ಲು. ಇದನ್ನ ಯಾರೂ ಯಾರಿಗೂ ಹೇಳೂದು ಬೇಡ.

"ಅಜ್ಜಗ ಲಕ್ವಾ ಹೊಡದು ಬಾಯಿ ಬಿದ್ದು ನಾಕು ತಿಂಗಳಾತು. ಆಮ್ಯಾಲ ಒಂದು ಶಬ್ದ ಅಂವಾ ಆಡಿಲ್ಲ. ನೀರು ಬೇಕಾದ್ರೂ ಕೈಸನ್ನೀ. ಸಾಯೂಮುಂದ ನನ್ನ ಹೆಸರೂ ಕರೀಲಿಲ್ಲ. ಈ ಧ್ವನಿ ಹಿಡಿದ ತಾರೀಕು ನೋಡ್ರಿ ದೇವಕ್ಕ. ಎರಡು ತಿಂಗಳ ಹಿಂದಿಂದು! ಒಂದಿನ ನಾ ಬೆಂಚಿನ ಮ್ಯಾಲ ಕುಂತಾಗ ತಸ್ಲೀಮ್ ಅವ್ರು ಅದನ್ನ ಕಂಪ್ಯೂಟರಿನ್ಯಾಗ ಹಚ್ಚಿದ್ರು. ಯಾವನೋ ಒಬ್ಬ ನಮ್ಮ ಅಜ್ಜನ ಹೆಸರು ಹೇಳ್ಕೊಂಡು ಕೆಮ್ಮಿ ಕೆಮ್ಮಿ ಮಾತಾಡಾಕ ಹತ್ತಿದ್ದ. ಒಂದಲ್ಲ, ಅರವತ್ತೊಂದು ಸಲ! ನಾಳೆ ಇದು ಸುಳ್ಳು ಅಂತ ಅಲ್ಲಿ ಗೊತ್ತಾದ್ರ ಅರವತ್ತೊಂದಲ್ಲ, ನೂರಾ ನಲವತ್ಮೂರೂ ಬಿದ್ದುಹೋಗ್ತಾವು."

ಪ್ರಮೋದ ಕುರ್ಚಿಯಿಂದ ಅರ್ಧ ಎದ್ದವ ಅಲ್ಲೇ ಉಳಿದ.

"ಹಾಗಾದ್ರೆ ಮಾತಾಡಿದವ ಯಾರು?" ದೇವಿ ಕೇಳಿದ್ಲು.

"ನನ್ನ ಯಾಕ ಕೇಳ್ತೀರಿ? ಧ್ವನಿ ಹಿಡದದ್ದು ಇದ ಅಂಗಡಿ ಫೋನಿನ್ಯಾಗ." ಅನುಶ್ರೀ ಬೆರಳು ತಸ್ಲೀಮ್ ಕಡೆ ತಿರುಗಿತು. "ಇವ್ರನ್ನ ಕೇಳ್ರಿ."

ಟಣ್! ಅಂತು ಕಂಪ್ಯೂಟರು. ಯಾರೂ ಅದರ ಕಡೆ ನೋಡಲಿಲ್ಲ.

ಬೆಳಗಿಂದ ಈ ಹೆಂಗಸಿನ ಪರವಾಗಿ ಊರಿಗೆ ಊರನ್ನೇ ಬೈದಿದ್ದ ದೇವಿ ಈಗ ಅವಳ ಕಡೆ ತಿರುಗಿದ್ಲು. ಸುಳ್ಳು ಅಂತ ಹೇಳ್ತಾಳೆ, ಅಲ್ಲಾ ಕಸಂ ಅಂತಾಳೆ, ಅಳ್ತಾಳೆ ಅಂತ ಕಾದ್ಲು.

ತಸ್ಲೀಮ್ ಅಳಲಿಲ್ಲ. ಬಾಯಿಗೆ ಒತ್ತಿದ್ದ ದುಪಟ್ಟಾ ಕೆಳಗೆ ಬಿಟ್ಲು. ಹೊರಗೆ ನಿಂತ ಎರಡು ಟೆಂಪೋ ಜನರಲ್ಲಿ ಯಾರನ್ನೋ ಒಬ್ಬರನ್ನ ಒಂದೇ ಒಂದು ಸಲ ನೋಡಿದ್ಲು. ಆಮೇಲೆ ದನಿ ತಗ್ಗಿಸಿ ಅಂದ್ಲು:

"ಬಾಗಿಲು ಹಾಕಿ ದೇವಕ್ಕ. ಮಾತಾಡಿದವನು ಇಲ್ಲೇ ಹೊರಗಿದಾನೆ."